‘ದಿನಾ ವಾಕಿಂಗ್ ಮಾಡಸ್ರಿ’ ಅಂದ ಮೇಲೆ

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರ ಔಷಧ ಚೀಟಿಯಲ್ಲಿ ಗುಳಿಗೆಗಳ ಹೆಸರೆಲ್ಲ ಮುಗಿದ ಮೇಲೆ ಕೆಳಗೊಂದು ಸಾಲು ಇರುತ್ತದೆ: ದಿನಾ ವಾಕಿಂಗ್ ಮಾಡಿಸಿ. ನಮ್ಮ ಮಾವನ ಚೀಟಿಯಲ್ಲೂ ಇತ್ತು. ಎಷ್ಟು ಹೊತ್ತು, ಎಷ್ಟು ಗಂಟೆಗೆ, ಎಂಥ ನೆಲದ ಮೇಲೆ, ‘ನಾ ಬರೂದಿಲ್ಲ’ ಎಂದು ಕೂತುಬಿಟ್ಟರೆ ಏನು ಮಾಡಬೇಕು, ಇದ್ಯಾವುದೂ ಇರಲಿಲ್ಲ. ಆ ಸಾಲಿನಿಂದ ಹೊರಟು ಒಂದು ದಿನಚರಿ ಹದಕ್ಕೆ ಬರುವಷ್ಟರಲ್ಲಿ ಬೇಸಿಗೆ ಕಳೆದು ಮಳೆಗಾಲವೂ ಅರ್ಧ ಮುಗಿಯಿತು. ಹುಬ್ಬಳ್ಳಿ-ಧಾರವಾಡದ ಕಡೆ ಇಂಥದೇ ಚೀಟಿ ಹಿಡಿದುಕೊಂಡು ಮನೆಗೆ ಬಂದವರಿಗೆ ಕೆಲಸಕ್ಕೆ ಬರಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮಾವ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ವಯಸ್ಸು ಎಪ್ಪತ್ತು ದಾಟಿದೆ. ಡಿಮೆನ್ಶಿಯಾದ ಬಗೆ ಅಲ್ಝೈಮರ್, ನಡುವಿನ ಹಂತ. ಜೊತೆಗೆ ಶುಗರ್, ಬಿಪಿ, ಮೊಣಕಾಲು ನೋವು. ನಿಮ್ಮ ಮನೆಯವರ ಕಾಯಿಲೆ ಬೇರೆ ತರಹದ್ದಾದರೆ ಕೆಲವು ಮಾತು ಬದಲಾಗುತ್ತವೆ, ಅದನ್ನು ಅಲ್ಲಲ್ಲೇ ಹೇಳುತ್ತೇನೆ.

ಮೊದಲು ನಿರೀಕ್ಷೆಯ ಮಾತು. ವ್ಯಾಯಾಮ ಮಾಡಿಸಿದರೆ ನೆನಪು ಮರಳಿ ಬರುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಿ ಶುರುಮಾಡಿದವರು ಬೇಗ ಕೈಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಸುಮಾರು 500 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಡಾಪಾ’ ಅಧ್ಯಯನದಲ್ಲಿ ಜೋರಾದ ವ್ಯಾಯಾಮದಿಂದ ಮೈಯ ಕಸುವು ಹೆಚ್ಚಿತು, ಆದರೆ ಮರೆವಿನ ವೇಗ ಕಡಿಮೆಯಾಗಲಿಲ್ಲ. ಫಿನ್ಲೆಂಡಿನಿಂದ 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಎರಡು ಸಲ ಮನೆಯಲ್ಲೇ ವರ್ಷವಿಡೀ ವ್ಯಾಯಾಮ ಮಾಡಿದ ಅಲ್ಝೈಮರ್ ರೋಗಿಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶಕ್ತಿಯನ್ನು ಉಳಿದವರಿಗಿಂತ ಚೆನ್ನಾಗಿ ಉಳಿಸಿಕೊಂಡರು, ಬಿದ್ದದ್ದೂ ಕಡಿಮೆ. ಹಾಗಾಗಿ ಗುರಿ ಇಷ್ಟೇ ಇರಲಿ: ಕುರ್ಚಿಯಿಂದ ತಾವೇ ಏಳಬೇಕು, ಬಚ್ಚಲಿಗೆ ತಮ್ಮ ಕಾಲ ಮೇಲೆ ಹೋಗಬೇಕು, ರಾತ್ರಿ ನಿದ್ದೆ ಬರಬೇಕು. ಅವರು ತಾವಾಗಿ ಏಳುವುದು ಒಂದು ವರ್ಷ ಹೆಚ್ಚು ನಡೆದರೆ, ಎತ್ತಿ ಕೂರಿಸುವವರ ಸೊಂಟವೂ ಒಂದು ವರ್ಷ ಹೆಚ್ಚು ಬಾಳುತ್ತದೆ.

ಹೊರಡುವ ಮುಂಚಿನ ತಪಾಸಣೆ

ಚೀಟಿ ಕೈಗೆ ಬಂದ ದಿನವೇ ಬೂಟು ಹಾಕಿಸಿ ಹೊರಡಿಸಬೇಡಿ. ಡಾಕ್ಟರರ ಹತ್ತಿರ ಕೆಲವನ್ನು ಕೇಳಿ ಮಾಡಿಸಿಕೊಳ್ಳಬೇಕು. ಕೇಳದಿದ್ದರೆ ಎಷ್ಟೋ ಕಡೆ ಮಾಡುವುದಿಲ್ಲ.

ಒಂದು, ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಬೇಕು. ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೊಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ಬಿಪಿ ಬೀಳುವ ತೊಂದರೆ ಇದೆ ಎಂದರ್ಥ. ಬಿಪಿ ಗುಳಿಗೆ, ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ತರಹದ ಗುಳಿಗೆ, ನೀರು ಕಡಿಮೆ ಕುಡಿಯುವುದು, ಮೂರೂ ಇದಕ್ಕೆ ಕಾರಣವಾಗಬಹುದು. ಮಾವನಿಗೆ ಮೇಲಿನ ಅಂಕಿ ಇಳಿಯುತ್ತಿತ್ತು. ಡಾಕ್ಟರರು ಒಂದು ಗುಳಿಗೆಯ ಹೊತ್ತು ಬದಲಿಸಿದರು. ನಮಗೆ ಹೇಳಿದ್ದು ಇದು: ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿಸಿ.

ಎರಡು, ನಾಡಿ. ಡೊನೆಪೆಜಿಲ್ ಗುಳಿಗೆ ಮರೆವಿಗೆ ಸಾಮಾನ್ಯವಾಗಿ ಕೊಡುವಂಥದ್ದು. ಅದು ಕೆಲವರಲ್ಲಿ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಇಸಿಜಿ ಮಾಡಿಸಿದ್ದರೆ ಅದರ ಪ್ರತಿ ಫೈಲಿನಲ್ಲಿ ಇರಲಿ. ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ, ಅಥವಾ ತಲೆ ತಿರುಗಿ ಕಣ್ಣು ಕತ್ತಲಿಟ್ಟರೆ, ಡಾಕ್ಟರರಿಗೆ ತಿಳಿಸುವ ತನಕ ವ್ಯಾಯಾಮ ನಿಲ್ಲಿಸಬೇಕು.

ಮೂರು, ಶುಗರ್. ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರನ್ನು ಖಾಲಿ ಹೊಟ್ಟೆಯಲ್ಲಿ ನಡೆಸಬಾರದು. ಶುಗರ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಗಲಿಬಿಲಿ ಆಗುತ್ತದೆ. ಡಿಮೆನ್ಶಿಯಾ ಇದ್ದವರು ‘ನನಗ ಏನೋ ಆಗಾಕತ್ತೈತಿ’ ಎಂದು ಹೇಳುವುದಿಲ್ಲ, ಆ ಗಲಿಬಿಲಿಯನ್ನು ನೋಡುವವರು ಮರೆವಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಹೊರಡುವ ಮೊದಲು ಎರಡು ಬಿಸ್ಕಿಟ್ ಅಥವಾ ಸ್ವಲ್ಪ ಅವಲಕ್ಕಿ ಕೊಡಿ. ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ಶುಗರ್ ಇಳಿದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು.

ಕಣ್ಣು, ಕಿವಿ, ಪಾದ, ಇವು ಬೇಗ ಮುಗಿಯುವ ಕೆಲಸ. ಪೊರೆ ಬಂದ ಕಣ್ಣು, ಗುಗ್ಗೆ ತುಂಬಿದ ಕಿವಿ, ಕೆರ ಕಚ್ಚಿದ ಗಾಯ, ಒಳಕ್ಕೆ ಬೆಳೆದ ಉಗುರು ಇದ್ದವರು ನಡೆಯಲು ಒಲ್ಲೆ ಎನ್ನುತ್ತಾರೆ, ಕಾರಣ ಹೇಳಲು ಬರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವೇ ಡಾಕ್ಟರರ ಮುಂದೆ ಇಡಬೇಕು: ಮರೆವು ಮೊದಲು ಬಂತೋ, ನಡಿಗೆ ಕೆಟ್ಟಿದ್ದು ಮೊದಲೋ? ಪಾದ ನೆಲಕ್ಕೆ ಅಂಟಿದ ಹಾಗೆ ಸಣ್ಣ ಸಣ್ಣ ಹೆಜ್ಜೆ, ಆಮೇಲೆ ಮೂತ್ರ ತಡೆಯಲಾಗದಿರುವುದು, ಆಮೇಲೆ ಮರೆವು, ಹೀಗೆ ಬಂದಿದ್ದರೆ ಮಿದುಳಿನಲ್ಲಿ ನೀರು ಸೇರಿಕೊಂಡಿರಬಹುದು. ಇದರಲ್ಲಿ ಕೆಲವರಿಗೆ ಶಸ್ತ್ರಕ್ರಿಯೆಯಿಂದ ನಡಿಗೆ ಸುಧಾರಿಸುತ್ತದೆ. ಇಲ್ಲದ ಮನುಷ್ಯರು, ಮಕ್ಕಳು ಕಾಣುವುದು, ಮೈ ಬಿಗಿಯುವುದು, ಹೆಜ್ಜೆ ನಡುವೆ ಕಟ್ಟಿಹೋಗುವುದು ಇದ್ದರೆ ಲ್ಯೂಯಿ ಬಾಡಿ ತರಹದ ಡಿಮೆನ್ಶಿಯಾ ಇರಬಹುದು. ಅಂಥವರಿಗೆ ಗಲಾಟೆ ತಗ್ಗಿಸಲು ಕೊಡುವ ಹಾಲೊಪೆರಿಡಾಲ್ ತರಹದ ಗುಳಿಗೆ ಅಪಾಯ, ಬಿಪಿ ಬೀಳುವುದೂ ಹೆಚ್ಚು. ಯಾವ ಬಗೆಯ ಡಿಮೆನ್ಶಿಯಾ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಬರೀ ‘ಮರೆವು’ ಎಂದಿದ್ದರೆ ಸಾಲದು.

ಸರದಿಯ ಬಗ್ಗೆ

ಹುಬ್ಬಳ್ಳಿಯಲ್ಲಿ ಕಿಮ್ಸ್ ಸರ್ಕಾರಿ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇವೆ. ಖಾಸಗಿ ನರರೋಗ ತಜ್ಞರೂ ಇದ್ದಾರೆ. ನಿವೃತ್ತ ರೈಲ್ವೆ ನೌಕರರಾದರೆ ಉಮೀದ್ ಕಾರ್ಡ್ (ರೈಲ್ವೆಯ ವೈದ್ಯಕೀಯ ಗುರುತಿನ ಚೀಟಿ) ತೆಗೆದುಕೊಂಡು ಹೋಗಿ. ಎಲ್ಲಿಗೆ ಹೋದರೂ ಕಾಯುವುದು ಇದ್ದೇ ಇರುತ್ತದೆ, ಅದರ ಪೆಟ್ಟು ರೋಗಿಗೇ. ಬೆಳಿಗ್ಗೆ ಹತ್ತಕ್ಕೆ ಹಸನ್ಮುಖಿಯಾಗಿದ್ದವರು ಹನ್ನೆರಡೂವರೆಗೆ ಸಿಡಿಮಿಡಿ. ಆ ಹೊತ್ತಿನಲ್ಲಿ ‘ಇವತ್ತು ಯಾವ ವಾರ, ನೂರರಿಂದ ಏಳು ಕಳೀರಿ’ ಎಂದು ಕೇಳಿದರೆ ನೆನಪಿನ ಪರೀಕ್ಷೆಯ ಅಂಕ ಇನ್ನೂ ಇಳಿಯುತ್ತದೆ. ಇಬ್ಬರು ಹೋಗಿ. ಒಬ್ಬರು ಸರದಿಯಲ್ಲಿ ನಿಲ್ಲಲಿ, ಇನ್ನೊಬ್ಬರು ಅವರನ್ನು ಕಾಂಪೌಂಡಿನಲ್ಲಿ ಮೆಲ್ಲಗೆ ಅಡ್ಡಾಡಿಸಲಿ. ನೀರು, ಊಟದ ಡಬ್ಬಿ, ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ.

ಫೈಲಿನಲ್ಲಿ ಬೇಕಾದದ್ದು: ಹಳೆಯ ಚೀಟಿಗಳು ತಾರೀಖಿನ ಕ್ರಮದಲ್ಲಿ, ಎಂಆರ್‌ಐ ಅಥವಾ ಸಿಟಿ ಸ್ಕ್ಯಾನಿನ ವರದಿ, ಬಿ12, ಥೈರಾಯ್ಡ್, ಶುಗರ್, ಸೋಡಿಯಂ ಪರೀಕ್ಷೆಗಳ ಫಲಿತಾಂಶ, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ. ಮೆಡಿಕಲ್ ಅಂಗಡಿಯಿಂದ ತಂದ ನಿದ್ದೆ ಗುಳಿಗೆ, ನಾಟಿ ಔಷಧ ಇದ್ದರೆ ಅದೂ ಸೇರಬೇಕು. ‘ಫಿಜಿಯೋಥೆರಪಿ, ಸಮತೋಲನ ಮತ್ತು ಕಾಲಿನ ಬಲಕ್ಕೆ’ ಎಂದು ಡಾಕ್ಟರರ ಕೈಯಲ್ಲಿ ಬರೆಸಿಕೊಂಡು ಹೊರಗೆ ಬನ್ನಿ. ಒಂದು ಕಡೆ ಆ ಸಾಲು ಇಲ್ಲವೆಂದು ನಮ್ಮನ್ನು ಫಿಜಿಯೋ ವಿಭಾಗದಿಂದ ಮತ್ತೆ ಒಪಿಡಿಗೆ ಕಳಿಸಿದರು, ಅಷ್ಟರಲ್ಲಿ ಡಾಕ್ಟರರು ಎದ್ದು ಹೋಗಿದ್ದರು.

ಫಿಜಿಯೋಥೆರಪಿಸ್ಟ್ ಮನೆಗೆ ಬರಲು ಒಂದು ಸಲಕ್ಕೆ 500 ರೂಪಾಯಿ ಹೇಳಿದರು. ದಿನಾ ಕರೆಸುವ ಅಗತ್ಯವಿಲ್ಲ. ಮೊದಲ ವಾರ ಮನೆಯವರಿಗೆ ಕಲಿಸಿಕೊಡಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬಂದು ನೋಡಿ ಎಂದು ಮೊದಲೇ ಮಾತಾಡಿಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ಡಿಮೆನ್ಶಿಯಾ ಇದ್ದವರಿಗೆ ದಿನಕ್ಕೊಬ್ಬ ಹೊಸಬರು ಬಂದರೆ ಕೆಲಸ ಕೆಡುತ್ತದೆ, ಒಬ್ಬರೇ ಬರುವಂತೆ ನೋಡಿಕೊಳ್ಳಿ.

ಫಿಜಿಯೋಥೆರಪಿಸ್ಟ್ ಮೊದಲ ದಿನ ಮೂರು ಅಳತೆ ಮಾಡಿದರು. ಇವನ್ನು ಮನೆಯಲ್ಲೂ ಮಾಡಬಹುದು, ಒಬ್ಬರು ಪಕ್ಕದಲ್ಲಿ ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್? 12 ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಭಯ ಇದೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ? 70ರಿಂದ 74 ವಯಸ್ಸಿನ ಗಂಡಸರಿಗೆ 12, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಲ್ಲುತ್ತಾರೋ? ಮಾವ ಮೂರರಲ್ಲೂ ಹಿಂದೆ ಇದ್ದರು. ಹಾಗಾಗಿ ಹೊರಗಿನ ವಾಕಿಂಗ್ ಮುಂದಕ್ಕೆ ಹೋಯಿತು, ಮೊದಲು ಮನೆ, ಆಮೇಲೆ ಕುರ್ಚಿ.

ಮನೆಯೊಳಗಿನ ಕೆಲಸ

ಬಾಗಿಲ ಮುಂದೆ ಕಪ್ಪು ಕಾಲೊರೆಸು ಇದ್ದರೆ ತೆಗೆದುಹಾಕಿ. ಡಿಮೆನ್ಶಿಯಾದಲ್ಲಿ ಕಣ್ಣು ಸರಿಯಿದ್ದರೂ ಆಳ-ದೂರದ ಅಂದಾಜು ತಪ್ಪುತ್ತದೆ, ಕಪ್ಪು ಬಟ್ಟೆ ತಗ್ಗಿನ ಹಾಗೆ ಕಾಣುತ್ತದೆ, ಹೊಳೆಯುವ ಟೈಲ್ಸು ನೀರಿನ ಹಾಗೆ. ಮಾವ ಬಾಗಿಲಲ್ಲಿ ಬಂದು ನಿಂತುಬಿಡುತ್ತಿದ್ದರು, ಎಲ್ಲರೂ ಹಟ ಅಂದುಕೊಂಡಿದ್ದರು. ನೆಲದ ಬಣ್ಣದ್ದೇ ಕಾಲೊರೆಸು ಹಾಕಿದ ಮೇಲೆ ದಾಟಿದರು. ಹಳೆಯ ಮನೆಗಳ ಎತ್ತರದ ಹೊಸ್ತಿಲಿಗೆ ಮಾತ್ರ ಇದಕ್ಕೆ ವಿರುದ್ಧವಾದ ಉಪಾಯ: ಅದು ಎದ್ದು ಕಾಣಬೇಕು. ಅಂಚಿಗೆ ಹಳದಿ ರೇಡಿಯಂ ಟೇಪ್ ಹಚ್ಚಿ, ಮೆಟ್ಟಿಲಿನ ಪ್ರತಿ ಅಂಚಿಗೂ ಹಚ್ಚಿ.

ಬಚ್ಚಲಲ್ಲಿ ಮತ್ತು ಸಂಡಾಸಿನಲ್ಲಿ ಸ್ಟೀಲ್ ಹಿಡಿಕೆ, ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ, ಗೋಡೆಗೆ ಡ್ರಿಲ್ ಮಾಡಿ ಹಾಕಿಸಬೇಕು. ರಬ್ಬರಿನ ಬಟ್ಟಲಿನಿಂದ ಟೈಲ್ಸಿಗೆ ಅಂಟಿಸುವವು ಮೈಭಾರ ಬಿದ್ದರೆ ಕಿತ್ತು ಬರುತ್ತವೆ. ಎರಡು ಕಡೆಯ ಹಿಡಿಕೆ, ಪ್ಲಂಬರನ ಕೂಲಿ ಸೇರಿ ನಮಗೆ ಎರಡು ಸಾವಿರದ ಆಸುಪಾಸು ಬಂತು. ಹಾಸಿಗೆಯಿಂದ ಬಚ್ಚಲ ತನಕ ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ.

ಲುಂಗಿ ಮತ್ತು ಹವಾಯಿ ಚಪ್ಪಲಿ ನಡಿಗೆಯ ಹೊತ್ತಿಗೆ ಬೇಡ. ಪಾದದ ಗಂಟಿಗಿಂತ ಮೇಲೆ ನಿಲ್ಲುವ ಪೈಜಾಮ, ಹಿಂದೆ ಮುಚ್ಚಿರುವ, ವೆಲ್ಕ್ರೋ ಪಟ್ಟಿಯ ಬೂಟು ಬೇಕು. ಅಟ್ಟೆ ತೆಳುವಾಗಿ ಗಟ್ಟಿ ಇರಲಿ. ದಪ್ಪನೆಯ ಮೆತ್ತನೆ ಸ್ಪೋರ್ಟ್ಸ್ ಬೂಟಿನಲ್ಲಿ ಪಾದಕ್ಕೆ ನೆಲ ಗೊತ್ತಾಗುವುದಿಲ್ಲ, ತುದಿ ಸಿಕ್ಕಿಕೊಳ್ಳುತ್ತದೆ. ಸಂಜೆ ಹೋಗಿ ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಶುಗರ್ ಇದ್ದವರ ಬೂಟಿನೊಳಗೆ ದಿನಾ ಕೈಹಾಕಿ ಕಲ್ಲು, ಹರಳು ಇದೆಯೋ ನೋಡಬೇಕು.

ಕುರ್ಚಿಯ ವ್ಯಾಯಾಮ

ಎಲ್ಲ ಬಿಟ್ಟು ಒಂದನ್ನೇ ಮಾಡಿಸಬೇಕು ಅಂದರೆ ಇದನ್ನೇ ಮಾಡಿಸಿ. ಕೈಯಿರುವ ಕಟ್ಟಿಗೆಯ ಕುರ್ಚಿ, ಸೀಟು 17-18 ಇಂಚು ಎತ್ತರ, ಬೆನ್ನು ಗೋಡೆಗೆ ತಾಗಿರಬೇಕು. ಪ್ಲಾಸ್ಟಿಕ್ ಕುರ್ಚಿ ಫರ್ಸಿಯ ಮೇಲೆ ಜಾರುತ್ತದೆ, ಸೋಫಾ ತಗ್ಗು. ಏಳುವುದು ಕಷ್ಟವಾದರೆ ಕೌದಿಯನ್ನು ಗಟ್ಟಿಯಾಗಿ ಮಡಚಿ ಸೀಟಿನ ಮೇಲೆ ಹಾಕಿ, ಎರಡು-ಮೂರು ಇಂಚು ಎತ್ತರ ಆಗುತ್ತದೆ. ಬಲ ಬಂದ ಹಾಗೆ ಒಂದೊಂದು ಮಡಿಕೆ ಕಡಿಮೆ ಮಾಡಿ. ನಾವು ಕೌದಿಯಿಂದಲೇ ಶುರುಮಾಡಿದ್ದು.

ಏಳುವ ಕ್ರಮ ಹೀಗೆ: ಸೀಟಿನ ಮುಂಭಾಗಕ್ಕೆ ಸರಿಯುವುದು, ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗುವುದು, ಆಮೇಲೆ ಏಳುವುದು. ಹೆಚ್ಚಿನವರು ಬಾಗದೆ ನೇರ ಏಳಲು ಹೋಗಿ ಹಿಂದಕ್ಕೆ ಬೀಳುತ್ತಾರೆ, ಹೆದರಿ ಮತ್ತೆ ಒಲ್ಲೆ ಎನ್ನುತ್ತಾರೆ. ಕೂರುವಾಗ ದೊಪ್ಪನೆ ಕೂರದೆ ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಳ್ಳಬೇಕು, ತೊಡೆಯ ಬಲ ಬರುವುದು ಅಲ್ಲೇ. ಐದು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಐದು. ಕಷ್ಟವಿಲ್ಲದೆ ಆದರೆ ಎಂಟು, ಹತ್ತು.

ಇದರ ಜೊತೆಗೆ ಅಡಿಗೆಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತುವುದು ಹತ್ತು ಸಲ, ಕಾಲನ್ನು ಪಕ್ಕಕ್ಕೆ ಎತ್ತುವುದು ಒಂದೊಂದು ಕಡೆ ಎಂಟು ಸಲ, ನಿಂತಲ್ಲೇ ಮೊಣಕಾಲು ಎತ್ತಿ ಹೆಜ್ಜೆ ಹಾಕುವುದು ಒಂದು ನಿಮಿಷ. ಸಮತೋಲನದ ನಿಲುವನ್ನು ಕೋಣೆಯ ಮೂಲೆಯಲ್ಲಿ ಮಾಡಿಸಿ, ಬೆನ್ನಿಗೆ ಎರಡು ಗೋಡೆ, ಮುಂದೆ ಒಂದು ಕುರ್ಚಿ, ಎತ್ತ ವಾಲಿದರೂ ಆಸರೆ ಇರುತ್ತದೆ. ಕೈಗೆ ಭಾರ ಬೇಕೆಂದರೆ ಅರ್ಧ ಲೀಟರ್ ನೀರಿನ ಬಾಟಲಿ ಅರ್ಧ ಕೆಜಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವಂಥದ್ದೇನೂ ಇಲ್ಲ.

ಹೇಳಿಕೊಡುವ ಬಗೆ ವ್ಯಾಯಾಮಕ್ಕಿಂತ ಮುಖ್ಯ. ‘ಮುಂದ ಸರಿದು ಕಾಲ ಹಿಂದ ತಗೊಂಡು ಎದ್ದೇಳ್ರಿ’ ಎಂದರೆ ಮೂರು ಮಾತು ಆಯಿತು, ಒಂದೂ ನಡೆಯುವುದಿಲ್ಲ. ‘ಮಾವಾರ, ಮುಂದ ಸರೀರಿ.’ ಅಷ್ಟೇ. ಹತ್ತು ಸೆಕೆಂಡ್ ಕಾಯಿರಿ. ಮನಸ್ಸಿನಲ್ಲಿ ಎಣಿಸಿ, ಹತ್ತು ಸೆಕೆಂಡ್ ಬಹಳ ಉದ್ದ, ನಡುವೆ ಬಾಯಿ ಹಾಕಿದರೆ ಅವರಿಗೆ ಮತ್ತೆ ಮೊದಲಿನಿಂದ. ಆಮೇಲೆ ‘ಏಳ್ರಿ’. ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ನೀವೇ ಎದ್ದು ತೋರಿಸಿದರೆ ಮಾತೇ ಬೇಡ. ಜೋರಾಗಿ ಎಣಿಸುವುದು, ಭಜನೆಯ ತಾಳ ಹಾಕುವುದು ಚೆನ್ನಾಗಿ ಹತ್ತುತ್ತದೆ. ಟಿವಿ ಬಂದ್ ಇರಲಿ.

‘ಎಕ್ಸರ್‌ಸೈಜ್ ಮಾಡೂಣು’ ಎಂದರೆ ಮಾವ ಸಿಟ್ಟಾಗುತ್ತಿದ್ದರು. ‘ನಾ ಏನ ಸಾಲಿ ಹುಡುಗ ಏನು?’ ಅವರ ಕೈ ಕಲಿತ ಕೆಲಸ ಅವರಿಗೆ ಇನ್ನೂ ಗೊತ್ತು. ಅಲ್ಝೈಮರಿನಲ್ಲಿ ಹೆಸರು, ತಾರೀಖು ಹೋದ ಮೇಲೂ ಕೈಗೆ ಕೂತ ಕೆಲಸ ಬಹಳ ದಿನ ಉಳಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ದಪ್ಪ ನಟ್ಟು-ಬೋಲ್ಟು ತಂದೆವು. ನಟ್ಟಿನ ಡಬ್ಬಿ ಪಡಸಾಲೆಯ ಈ ತುದಿಗೆ, ಬೋಲ್ಟಿನದು ಆ ತುದಿಗೆ, ಎರಡೂ ಎದೆಯ ಎತ್ತರದ ಕಪಾಟಿನಲ್ಲಿ. ಜೋಡಿಸಬೇಕೆಂದರೆ ಎದ್ದು ಹೋಗಿ ಬರಬೇಕು, ಕೈ ಮೇಲೆ ಎತ್ತಬೇಕು, ತಿರುಗಬೇಕು. ಕೂತು ಮಾಡುವ ಕೆಲಸವನ್ನು ಹೀಗೆ ಎರಡು ಕಡೆ ಹಂಚಿಬಿಟ್ಟರೆ ವ್ಯಾಯಾಮವಾಯಿತು. ನಟ್ಟು ಬಾಯಿಗೆ ಹಾಕಿಕೊಳ್ಳುವ ಹಂತಕ್ಕೆ ಬಂದವರಿಗೆ ಮಾತ್ರ ಇದು ಬೇಡ. ಅತ್ತೆ, ಅವ್ವಂದಿರಿಗೆ ನಿಂತು ರೊಟ್ಟಿ ಬಡಿಯುವುದು, ಒಗೆದ ಬಟ್ಟೆ ಹಗ್ಗಕ್ಕೆ ಹಾಕುವುದು, ಇಬ್ಬರು ಹಿಡಿದು ಸೀರೆ ಮಡಚುವುದು ಒಳ್ಳೆಯ ಕೆಲಸ. ಹಂಚಿನ ಮುಂದೆ ಬೇರೆಯವರು ಇರಲಿ. ಶೇಂಗಾ ಬಿಡಿಸುವುದರಿಂದ ಹೊತ್ತು ಹೋಗುತ್ತದೆ, ಕಾಲಿಗೆ ಲಾಭವಿಲ್ಲ.

ಹೊರಗೆ

ಮಾವನಿಗೆ ಬೆಳಿಗ್ಗೆ ಮತ್ತು ಸಂಜೆ ನಾಲ್ಕರ ಮೇಲೆ ‘ಡ್ಯೂಟಿಗೆ ಹೋಗಬೇಕು’ ಎಂಬ ಚಡಪಡಿಕೆ. ನಿವೃತ್ತಿಯಾಗಿ ಎಷ್ಟು ವರ್ಷವಾಯಿತು ಎಂದು ತಿಳಿಸಿ ಹೇಳಿದಷ್ಟೂ ಜಗಳ. ಈ ಚಡಪಡಿಕೆಯ ಹೊತ್ತೇ ನಡೆಸುವ ಹೊತ್ತು ಎಂದು ಫಿಜಿಯೋ ಹೇಳಿದ್ದು ಇಡೀ ಪ್ರಯತ್ನದಲ್ಲಿ ನಮಗೆ ಸಿಕ್ಕ ಅತಿ ಬೆಲೆಯುಳ್ಳ ಮಾತು. ‘ಮಾವಾರ, ಡ್ಯೂಟಿಗೆ ಹೊತ್ತಾತ್ರಿ’ ಎಂದರೆ ಬೂಟಿಗೆ ಕಾಲು ತಾವೇ ಚಾಚುತ್ತಾರೆ. ಊಟದ ಡಬ್ಬಿ ಬೇಕೇ ಬೇಕು. ಅದನ್ನು ಕೈಯಲ್ಲಿ ಕೊಟ್ಟರೆ ಒಂದು ಕಡೆ ವಾಲುತ್ತಾರೆ, ಬೀಳುವಾಗ ಊರಲು ಕೈ ಇರುವುದಿಲ್ಲ. ಅಡ್ಡ ಹಾಕಿಕೊಳ್ಳುವ ಬಟ್ಟೆಯ ಚೀಲದಲ್ಲಿ ಡಬ್ಬಿ, ನೀರು. ಕೆರೆಯ ಹತ್ತಿರ ಕೂತು ತಿಂದರೆ ಡ್ಯೂಟಿ ಮುಗಿಯಿತು, ಮನೆಗೆ ಬರಲು ತಕರಾರಿಲ್ಲ. ಶುಗರಿನ ಚಿಂತೆಗೂ ಅದೇ ಪರಿಹಾರವಾಯಿತು.

ನಾವು ಹೋಗುವುದು ಉಣಕಲ್ ಕೆರೆಗೆ. ಜಾಗ ಆರಿಸುವಾಗ ನೋಡಬೇಕಾದದ್ದು: ಸಮತಟ್ಟು ದಾರಿ, ನಡುನಡುವೆ ಕೂರುವ ಜಾಗ, ಹತ್ತಿರ ಮೂತ್ರಾಲಯ, ವಾಹನ ಇಲ್ಲದಿರುವುದು. ನೀರಿನ ಕಡೆಯ ಬದಿಯಲ್ಲಿ ಯಾವಾಗಲೂ ನೀವಿರಬೇಕು. ನೃಪತುಂಗ ಬೆಟ್ಟ ನೋಡಲು ಚಂದ, ಏರು ಇರುವುದರಿಂದ ಇಂಥವರಿಗೆ ಬೇಡ. ಗದಗಿನವರಿಗೆ ಭೀಷ್ಮ ಕೆರೆ, ಹಾವೇರಿಯವರಿಗೆ ಹೆಗ್ಗೇರಿ ಕೆರೆಯ ಕಡೆ ಇದೇ ಲೆಕ್ಕದಲ್ಲಿ ನೋಡಿಕೊಳ್ಳಬಹುದು. ದಿನಾ ಒಂದೇ ದಾರಿ ಇರಲಿ, ಹೊಸ ದಾರಿಯಲ್ಲಿ ಅವರ ಗಮನವೆಲ್ಲ ಹೆದರಿಕೆಗೇ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ (ಬಿಆರ್‌ಟಿಎಸ್) ಬಸ್ಸಿನಲ್ಲಿ ಹೋಗುವುದಾದರೆ ಹತ್ತಲು ಮೆಟ್ಟಿಲಿಲ್ಲ, ಪ್ಲಾಟ್‌ಫಾರ್ಮಿಗೆ ಬಸ್ಸಿನ ನೆಲ ಸಮ. ತೊಂದರೆ ಎರಡು ಕಡೆ: ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ದಾಟಲೇಬೇಕು. ಇನ್ನು ಬಸ್ಸಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಕಪ್ಪು ಸಂದಿಯಲ್ಲಿ ಕಾಲು ನಿಂತುಬಿಡುತ್ತದೆ. ಮುಂದೆ ನೀವು ಹತ್ತಿ, ಮುಖ ನೋಡಿ ‘ದೊಡ್ಡ ಹೆಜ್ಜಿ’ ಎನ್ನಿ.

ಹೊತ್ತು: ಬೇಸಿಗೆಯಲ್ಲಿ ಬೆಳಕು ಹರಿದ ಮೇಲೆ, ಬಿಸಿಲು ಏರುವ ಮೊದಲು. ಕತ್ತಲಿನಲ್ಲಿ ಬೇಡ, ಬೀದಿನಾಯಿಗಳು ಬೇರೆ. ಮೊದಲ ವಾರ ಐದು ನಿಮಿಷ, ಆಮೇಲೆ ವಾರಕ್ಕೆ ಎರಡೆರಡು ನಿಮಿಷ ಏರಿಸುವುದು. ವಯಸ್ಸಾದವರಿಗೆ ವಾರಕ್ಕೆ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಎರಡು ದಿನ ಬಲದ ವ್ಯಾಯಾಮ, ಮೂರು ದಿನ ಸಮತೋಲನದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಹತ್ತು ಹತ್ತು ನಿಮಿಷ ಮುರಿದು ಕೂಡಿಸಿದರೂ ನಡೆಯುತ್ತದೆ. ಅಷ್ಟು ಆಗದಿದ್ದರೆ ಆದಷ್ಟು.

ನಡೆಯುವಾಗ ಮಾತಾಡಿಸಬೇಡಿ. ಇದನ್ನು ಒಪ್ಪುವುದು ನಮ್ಮ ಕಡೆಯವರಿಗೆ ಬಹಳ ಕಷ್ಟ, ಎದುರು ಬಂದವರೆಲ್ಲ ‘ಏನ್ರಿ ಕಾಕಾ, ಆರಾಮ ಇದ್ದೀರೇನು, ನನ್ನ ಗುರ್ತು ಸಿಕ್ತೇನು?’ ಎನ್ನುತ್ತಾರೆ. ಡಿಮೆನ್ಶಿಯಾದಲ್ಲಿ ಮಾತು ಮತ್ತು ನಡಿಗೆ ಒಟ್ಟಿಗೆ ನಡೆಸುವುದು ಮಿದುಳಿಗೆ ಭಾರ, ಉತ್ತರ ಹುಡುಕುವಷ್ಟರಲ್ಲಿ ಹೆಜ್ಜೆ ತಪ್ಪುತ್ತದೆ. ‘ನಿಂದರ್ರಿ ಮಾವಾರ’ ಎಂದು ಮೊದಲು ನಿಲ್ಲಿಸಿ, ಆಮೇಲೆ ಮಾತು. ಉಸಿರು ಎಷ್ಟು ಏರಿದೆ ಎಂಬುದನ್ನೂ ನಿಲ್ಲಿಸಿದಾಗಲೇ ನೋಡಿಕೊಳ್ಳಿ, ಒಂದು ವಾಕ್ಯ ಪೂರ್ತಿ ಆಡಲು ಬರದಿದ್ದರೆ ಹೆಚ್ಚಾಯಿತು.

ಹಿಡಿಯುವುದು ಹೇಗೆ? ರಟ್ಟೆ ಹಿಡಿದು ಎಳೆಯಬೇಡಿ, ಬಗಲಿಗೆ ಕೈಹಾಕಿ ಎತ್ತಬೇಡಿ, ಭುಜದ ಕೀಲು ತಪ್ಪುತ್ತದೆ. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಒಂದು ಹೆಜ್ಜೆ ಹಿಂದೆ ಪಕ್ಕದಲ್ಲಿ ನಡೆಯುತ್ತ ಅದನ್ನು ಕೆಳಗಿನಿಂದ ಹಿಡಿದುಕೊಳ್ಳಿ. ಬಡಿಗೆ ಬೇಕಾದೀತು ಅನ್ನಿಸಿದರೆ ಬೇಗನೆ ರೂಢಿ ಮಾಡಿಸಿ, ಕಾಯಿಲೆ ಮುಂದುವರಿದ ಮೇಲೆ ಹೊಸ ವಸ್ತು ಕಲಿಯುವುದಿಲ್ಲ, ವಾಕರ್ ಕೊಟ್ಟರೆ ಎತ್ತಿಕೊಂಡು ನಡೆಯುತ್ತಾರೆ. ಬಡಿಗೆಯ ಹಿಡಿ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರಬೇಕು, ನೋವಿನ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು.

ತಪ್ಪಿಸಿಕೊಳ್ಳುವ ಭಯಕ್ಕೆ: ಹೆಸರು, ‘ಮರೆವಿನ ಕಾಯಿಲೆ ಇದೆ’ ಎಂಬ ಮಾತು, ಇಬ್ಬರ ಫೋನ್ ನಂಬರ್ ಬರೆದ ಚೀಟಿಯನ್ನು ಅಂಗಿಯ ಒಳಗೆ ಹೊಲಿದುಬಿಡಿ. ಪಾಕೀಟನ್ನು ಅವರು ಎಲ್ಲೋ ಮುಚ್ಚಿಡುತ್ತಾರೆ. ಆ ದಿನ ಹಾಕಿದ ಬಟ್ಟೆಯಲ್ಲಿ ದಿನಾ ಒಂದು ಫೋಟೋ ತೆಗೆದಿಡಿ. ಕಾಣದಾದರೆ ತಾವೇ ಹುಡುಕುತ್ತ ಹೊತ್ತು ಕಳೆಯದೆ 112ಕ್ಕೆ ಫೋನ್ ಮಾಡಿ. ಹಿರಿಯ ನಾಗರಿಕರ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416. ಕುಗ್ಗುತ್ತದೆ, ನಾಚಿಕೊಳ್ಳುವಂಥದ್ದೇನಿಲ್ಲ.

ಕೆಟ್ಟ ದಿನಗಳು

‘ಒಲ್ಲೆ’ ಎಂದ ದಿನ ಒತ್ತಾಯ ಬೇಡ. ಹದಿನೈದು ನಿಮಿಷ ಬಿಟ್ಟು ಬೇರೆ ಮಾತಿನಿಂದ ಬನ್ನಿ, ಅಥವಾ ಬೇರೆಯವರು ಕೇಳಲಿ. ಮೂರು-ನಾಲ್ಕು ದಿನ ಸತತ ಒಲ್ಲೆ ಎಂದರೆ ನೋವು, ಮಲಬದ್ಧತೆ, ಹೊಸ ಗುಳಿಗೆ ಇವುಗಳಲ್ಲಿ ಒಂದನ್ನು ಹುಡುಕಿ. ನಿದ್ದೆ ಗುಳಿಗೆ ಕೊಟ್ಟ ಮರುದಿನ ತೂರಾಡುತ್ತಿದ್ದರೆ ಕುರ್ಚಿಯ ವ್ಯಾಯಾಮವೂ ಬೇಡ, ಡಾಕ್ಟರರಿಗೆ ತಿಳಿಸಿ.

ನಿನ್ನೆ ನಡೆದವರು ಇವತ್ತು ನಿಲ್ಲಲಾರದೆ, ಮಂಕಾಗಿ ಅಥವಾ ವಿಪರೀತ ಗಲಾಟೆ ಮಾಡಿದರೆ ‘ಕಾಯಿಲೆ ಹೆಚ್ಚಾತು’ ಎಂದು ಸುಮ್ಮನಿರಬೇಡಿ. ಅಲ್ಝೈಮರ್ ಒಂದೆರಡು ದಿನದಲ್ಲಿ ಹಾಗೆ ಇಳಿಯುವುದಿಲ್ಲ. ಮೂತ್ರದ ಸೋಂಕು, ಎದೆಯ ಕಫ, ಸೋಡಿಯಂ ಇಳಿಯುವುದು, ನೀರು ಸಾಲದಿರುವುದು, ಪಾರ್ಶ್ವವಾಯು, ಹೊಸ ಗುಳಿಗೆ ಇವೆಲ್ಲ ಕಾರಣವಾಗಬಹುದು. ಅವತ್ತೇ ತೋರಿಸಬೇಕು. ಮಾವನಿಗೆ ಏಪ್ರಿಲ್ ಬಿಸಿಲಿನಲ್ಲಿ ಹೀಗೇ ಆಗಿ ಮೂತ್ರದ ಸೋಂಕು ಸಿಕ್ಕಿತು. ಔಷಧ ಮುಗಿದ ಮೇಲೆ ಹಿಂದಿನ ನಡಿಗೆಗೆ ಬರಲು ವಾರಗಳೇ ಹಿಡಿದವು, ಕೌದಿ ಮತ್ತೆ ಕುರ್ಚಿಗೆ ಬಂತು. ಅವರಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಕೇಳಿದರೆ ಬೇಡ ಎನ್ನುತ್ತಾರೆ. ಕೇಳದೆ ಕೈಗೆ ಮಜ್ಜಿಗೆ ಕೊಡಿ.

ಬಿದ್ದರೆ ತಕ್ಷಣ ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಅಲುಗಿಸದೆ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದಿದ್ದು, ರಕ್ತ ತೆಳುವಾಗಿಸುವ ಗುಳಿಗೆ ನಡೆಯುತ್ತಿದ್ದರೆ, ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಎರಡೂ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ, ಕೈ-ಮೊಣಕಾಲಿನ ಮೇಲೆ ಬರಿಸಿ, ಮುಂದೆ ಕುರ್ಚಿ ಇಟ್ಟು ಅದನ್ನು ಹಿಡಿದು ತಾವೇ ಏಳುವಂತೆ ಮಾಡಿ.

ಊಟವನ್ನೂ ನೋಡಬೇಕು. ಡೊನೆಪೆಜಿಲ್ ಕೆಲವರ ಹಸಿವು ಕೆಡಿಸುತ್ತದೆ. ನಡೆಸುತ್ತ ಹೋಗಿ ಊಟ ಸಾಲದಿದ್ದರೆ ಮಾಂಸಖಂಡವೇ ಕರಗುತ್ತದೆ. ರೊಟ್ಟಿಯ ಜೊತೆ ಕಾಳುಪಲ್ಯ, ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ತತ್ತಿ ದಿನಾ ಇರಲಿ. ಮೂತ್ರಪಿಂಡದ ತೊಂದರೆ ಇದ್ದವರು ಇಷ್ಟನ್ನೂ ಡಾಕ್ಟರರನ್ನು ಕೇಳಿಯೇ ಮಾಡಬೇಕು.

ಮಳೆಗಾಲದಲ್ಲಿ ಕೆರೆ ದಾರಿ ಜಾರುತ್ತದೆ. ಆಗ ಪಡಸಾಲೆಯಲ್ಲೇ ನಡೆಸುವುದು. ಟೇಪು ಹಿಡಿದು ಅಳೆದರೆ ನಮ್ಮದು ಆರು ಮೀಟರ್, ಹೋಗಿ ಬರುವುದು ಹನ್ನೆರಡು. ತುದಿಯಲ್ಲಿ ಗಕ್ಕನೆ ತಿರುಗಿಸಬೇಡಿ, ಬೀಳುವುದು ಹೆಚ್ಚಾಗಿ ತಿರುಗುವಾಗಲೇ. ಕುರ್ಚಿಯೊಂದನ್ನು ಇಟ್ಟು ಅದರ ಸುತ್ತ ದೊಡ್ಡ ಬಳಸು ಹಾಕಿಸಿ. ಜಿಟಿಜಿಟಿ ನಿಂತು ಹೊರಗೆ ಹೋಗುವುದಾದರೆ ಕೊಡೆ ಅವರ ಕೈಗೆ ಬೇಡ, ರೇನ್‌ಕೋಟ್ ಹಾಕಿ.

ಒಂದು ಪುಸ್ತಕ ಇಟ್ಟಿದ್ದೇವೆ. ದಿನಾ ಎಷ್ಟು ನಿಮಿಷ, ಬಿದ್ದರೆ ಎಲ್ಲಿ, ಹೇಗೆ, ಎಷ್ಟು ಗಂಟೆಗೆ. ತಿಂಗಳ ಒಂದನೇ ತಾರೀಖು ಮೂರು ಮೀಟರಿನ ಹೊತ್ತು, 30 ಸೆಕೆಂಡಿನ ಎಣಿಕೆ, ತೂಕ, ನಿಂತಾಗಿನ ಬಿಪಿ. ಒಂದೇ ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಇಳಿದರೆ ತಪಾಸಣೆಯ ದಿನದ ತನಕ ಕಾಯಬೇಡಿ. ಆರೈಕೆಗೆ ಬರುವ ಹುಡುಗನಿಗೆ ಬೇರೆ ಏನೂ ಹೇಳಿಕೊಡುವುದು ಬೇಕಿಲ್ಲ, ಹಿಂದಿನ ಹದಿನೈದು ದಿನದ ಪುಟ ಓದಿಸಿದರೆ ಸಾಕು. ಡಾಕ್ಟರರು ನೋಡುವುದು ಐದೇ ನಿಮಿಷ. ಪುಸ್ತಕ ತೆರೆದು ಮುಂದಿಟ್ಟರೆ ಆ ಐದು ನಿಮಿಷ ಗುಳಿಗೆಯ ಅಳತೆ ಸರಿಮಾಡಲು ಸಿಗುತ್ತದೆ.